ಗಾಡಿ ಬಂದಿದೆ, ವಸ್ತಿಗೆ ಜಾಗ ಬೇಕು

ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವರು ತೋರಣಗಲ್ಲು ದಾಟುವಾಗ ಸಾಮಾನ್ಯವಾಗಿ ನಿದ್ದೆಯಲ್ಲಿರುತ್ತಾರೆ. ಹೊಸಪೇಟೆಯಲ್ಲಿ ಇಳಿದು, ಮುಖ ತೊಳೆದು, ಆಟೊ ಮಾತಾಡಿಕೊಂಡು ಹಂಪಿಗೆ ಹೋಗುತ್ತಾರೆ. ವಿರೂಪಾಕ್ಷ, ಕಡಲೆಕಾಳು ಗಣೇಶ, ಲಕ್ಷ್ಮೀನರಸಿಂಹ, ಕಮಲ ಮಹಲು, ಕಲ್ಲಿನ ರಥ. ಸಂಜೆ ತುಂಗಭದ್ರಾ ಡ್ಯಾಂ, ರಾತ್ರಿ ವಾಪಸ್ ರೈಲು. ಸಂಡೂರು, ದರೋಜಿ, ಕಂಪ್ಲಿ ಎಂಬ ಊರುಗಳ ಹೆಸರು ಅವರ ಪಟ್ಟಿಯಲ್ಲಿ ಇರುವುದೇ ಇಲ್ಲ. ತೋರಣಗಲ್ಲು ಅಂದರೆ ಉಕ್ಕಿನ ಕಾರ್ಖಾನೆ, ಅದಿರು ಲಾರಿ, ಕೆಂಪು ಧೂಳು ಅಂದುಕೊಂಡು ಮುಂದೆ ಹೋಗುತ್ತಾರೆ.

ಇಂಥ ಓಟದ ಪ್ರವಾಸಕ್ಕೆ ಉತ್ತರವಾಗಿ ಈಗ ಕ್ಯಾರವಾನ್ ಬಂದಿದೆ. ಟೆಂಪೊ ಟ್ರಾವೆಲರ್ (ಟಿಟಿ) ಅಥವಾ ಮಿನಿ ಬಸ್ಸಿನ ಒಳಗೆ ಹಾಸಿಗೆ, ಒಲೆ, ಫ್ರಿಜ್ಜು, ಶೌಚಾಲಯ ಜೋಡಿಸಿದ ಗಾಡಿ ಅದು. ಹೊರದೇಶಗಳಲ್ಲಿ ನಿವೃತ್ತರು ಮನೆ ಮಾರಿ ಇಂಥ ಗಾಡಿಯಲ್ಲೇ ವರ್ಷಗಟ್ಟಲೆ ಇರುವುದುಂಟು. ಕೇರಳ 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಯೋಜನೆಯನ್ನೇ ತಂದಿತು, ಮರುವರ್ಷ ವಾಗಮಣ್‌ನಲ್ಲಿ ಕ್ಯಾರವಾನ್ ನಿಲ್ಲಿಸುವ ಪಾರ್ಕ್ ತೆರೆಯಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಸೇರಿದೆ, ಬೆಂಗಳೂರಿನಲ್ಲಿ ಬಾಡಿಗೆಗೂ ಸಿಗುತ್ತದೆ. ನಾನು ಈ ಗಾಡಿಗಳ ಪರ. ಆದರೆ ಗಾಡಿಯೊಂದೇ ಪ್ರಯಾಣವನ್ನು ನಿಧಾನ ಮಾಡುವುದಿಲ್ಲ. ಎಲ್ಲಿ ನಿಲ್ಲುತ್ತೀರಿ, ಯಾರ ಊರಲ್ಲಿ ನಿಲ್ಲುತ್ತೀರಿ, ನಿಂತದ್ದಕ್ಕೆ ಆ ಊರಿಗೆ ಏನು ಸಿಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಈ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ.

ಭರತ ಹುಣ್ಣಿಮೆ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಡೆ ಹೋಗಿ ನೋಡಿ. ಕಾರಣಿಕದ ಭವಿಷ್ಯವಾಣಿ ಕೇಳಲು ಸುತ್ತಲಿನ ಜಿಲ್ಲೆಗಳ ಜನ ದಿನಗಳ ಮುಂಚೆಯೇ ಬಂದು ತುಂಗಭದ್ರೆಯ ದಂಡೆಯಲ್ಲಿ ಬೀಡುಬಿಟ್ಟಿರುತ್ತಾರೆ. ಮೊದಲು ಬರುತ್ತಿದ್ದುದು ಕೊಲ್ಲಾರಿ ಬಂಡಿ. ಬಿದಿರಿನ ಕಮಾನಿನ ಮೇಲೆ ಚಾಪೆಯೋ ತಟ್ಟೋ ಹೊದಿಸಿ, ಒಳಗೆ ಹುಲ್ಲು ಹಾಸಿ ಅದರ ಮೇಲೆ ಕೌದಿ. ಬಂಡಿಯ ಕೆಳಗೆ ಜೋತುಬಿಟ್ಟ ಲಾಟೀನು. ಹಿಂದೆ ಕಟ್ಟಿದ ಹೊಟ್ಟಿನ ಚೀಲ, ಕೊಡ. ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿಯ ಬುತ್ತಿ. ನಿಂತ ಕಡೆ ಕೊಳ್ಳು ಹರಿದು ಎತ್ತುಗಳನ್ನು ನೀರಿಗೆ ಬಿಟ್ಟರೆ, ಹೆಂಗಸರು ಮೂರು ಕಲ್ಲು ಹೂಡಿ ಒಲೆ ಹಚ್ಚುತ್ತಿದ್ದರು. ಈಗ ಬಂಡಿಗಳ ಪಕ್ಕದಲ್ಲಿ ಟ್ರ್ಯಾಕ್ಟರುಗಳ ಸಾಲು. ಟ್ರೇಲರ್ ಮೇಲೆ ತಾಡಪಾಲು ಕಟ್ಟಿ, ಬ್ಯಾಟರಿಯಿಂದ ಒಂದು ಬಲ್ಬು ಎಳೆದು, ಗ್ಯಾಸ್ ಒಲೆ ಇಟ್ಟುಕೊಂಡು ಮೂರು ತಲೆಮಾರಿನ ಸಂಸಾರ ಅದರಲ್ಲೇ ಇರುತ್ತದೆ. ಯಾವ ಕಂಪನಿಯೂ ಮಾರದ, ಯಾವ ಜಾಹೀರಾತಿನಲ್ಲೂ ಬಾರದ ಕ್ಯಾರವಾನ್ ಅದು. ಹೊಳೆ ದಂಡೆಯೇ ಪಾರ್ಕ್.

ವಿಲಾಸಕ್ಕೆಂದೇ ಕಟ್ಟಿದ ಮೊದಲ ಕ್ಯಾರವಾನ್ ಬ್ರಿಟನ್ನಿನದು ಎನ್ನುತ್ತಾರೆ. ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆಯ ವೈದ್ಯ 1885ರಲ್ಲಿ ‘ವಾಂಡರರ್’ ಎಂಬ ಕುದುರೆ ಗಾಡಿ ಕಟ್ಟಿಸಿ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿಗೆ ಹೋದ. ಎರಡು ಕುದುರೆ ಎಳೆಯುತ್ತಿದ್ದ, ಸುಮಾರು ಎರಡು ಟನ್ ತೂಕದ ಗಾಡಿ. ಕುದುರೆ ದಣಿದಾಗ ನಿಲ್ಲಲೇಬೇಕಿತ್ತು, ಮೇವು ಎಲ್ಲಿದೆಯೋ ಅಲ್ಲೇ ರಾತ್ರಿ. ಎಂಜಿನ್ ಬಂದ ಮೇಲೆ ಆ ಕಟ್ಟುಪಾಡು ಹೋಯಿತು. ಈಗ ಚಾಲಕ ಒಂದೇ ದಿನ ಐನೂರು ಕಿಲೊಮೀಟರ್ ಓಡಿಸಬಲ್ಲ. ಹಾಗಾಗಿ ನಿಧಾನ ಎಂಬುದನ್ನು ನಾವೇ ಗೊತ್ತುಮಾಡಿಕೊಂಡು ಪಾಲಿಸಬೇಕು.

ನಮ್ಮಲ್ಲಿ ಹಾಗೆ ಪಾಲಿಸಿಕೊಂಡು ಬಂದವರು ಲಂಬಾಣಿಗಳು. ಎತ್ತಿನ ಬೆನ್ನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನ್ನಿನ ಉದ್ದಗಲ ಸಾಗಿಸುತ್ತಿದ್ದ ಸಮುದಾಯ. ಹದಿನೇಳನೆಯ ಶತಮಾನದಲ್ಲಿ ಭಾರತ ಸುತ್ತಿದ ಫ್ರೆಂಚ್ ವಜ್ರದ ವ್ಯಾಪಾರಿ ತವೆರ್ನಿಯೆ, ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲನ್ನು ಕಂಡದ್ದಾಗಿ ಬರೆದಿದ್ದಾನೆ. ಇಕ್ಕಟ್ಟಿನ ದಾರಿಯಲ್ಲಿ ಎದುರಾದರೆ ಅದು ದಾಟಿ ಹೋಗಲು ಎರಡು ಮೂರು ದಿನ ಕಾಯಬೇಕಾಗುತ್ತಿತ್ತಂತೆ. ರೈಲು ಬಂದು ಈ ಕಸುಬು ಕಿತ್ತುಕೊಂಡಿತು, ಬ್ರಿಟಿಷರ ಕಾನೂನು ಅಲೆಮಾರಿಗಳಿಗೆ ಅಪರಾಧಿಗಳ ಹಣೆಪಟ್ಟಿ ಹಚ್ಚಿತು. ನಿಂತ ಕಡೆ ತಾಂಡಾಗಳಾದವು. ಸಂಡೂರಿನ ಸುತ್ತ ಇಂಥ ತಾಂಡಾಗಳು ಹಲವು.

ಇನ್ನು ಕುರಿಗಾರರು. ಸುಗ್ಗಿ ಮುಗಿದ ಹೊಲಗಳಲ್ಲಿ ಅವರು ಕುರಿ ನಿಲ್ಲಿಸುವುದನ್ನು ಈ ಭಾಗದ ಎಲ್ಲರೂ ಕಂಡಿದ್ದಾರೆ. ಕುದುರೆ ಬೆನ್ನಿನ ಮೇಲೆ ಸಂಸಾರದ ಸಾಮಾನು, ಬುಟ್ಟಿಯಲ್ಲಿ ಕೋಳಿ, ಆಗಷ್ಟೇ ಹುಟ್ಟಿದ ಮರಿ. ರಾತ್ರಿ ಬಲೆ ಕಟ್ಟಿ ಹಿಂಡನ್ನು ಒಳಗೆ ಹಾಕುತ್ತಾರೆ. ಬೆಳಗಾದರೆ ಹೊಲಕ್ಕೆ ಗೊಬ್ಬರ, ಕುರಿಗಾರನಿಗೆ ಜೋಳವೋ ದುಡ್ಡೋ. ನಿಂತವನಿಗೂ ಲಾಭ, ನಿಲ್ಲಿಸಿಕೊಂಡವನಿಗೂ ಲಾಭ. ಕ್ಯಾರವಾನ್ ಪ್ರವಾಸದ ಬಗ್ಗೆ ನಾನು ಓದಿದ ಎಲ್ಲ ಸಲಹೆಗಳಿಗಿಂತ ಈ ಒಪ್ಪಂದದಲ್ಲಿ ಹೆಚ್ಚು ತಿಳಿವಳಿಕೆ ಇದೆ. ಬಂದ ಗಾಡಿ ಊರಿಗೆ ಕೊಡುವುದೇನು, ಬಿಟ್ಟುಹೋಗುವುದೇನು ಎಂಬ ಪ್ರಶ್ನೆ ಮೊದಲು ಇತ್ಯರ್ಥವಾಗಬೇಕು.

ಇಲ್ಲಿ ಗಾಡಿಯ ಒಳಗಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬಾಡಿಗೆಗೆ ಕೊಡುವವರು ಇದನ್ನು ಹೇಳುವುದು ಕಡಿಮೆ.

ಮೊದಲು ನೀರು. ಜಲಜೀವನ ಮಿಷನ್ ಹಳ್ಳಿಯ ಮನೆಗೆ ದಿನಕ್ಕೆ ತಲೆಗೆ 55 ಲೀಟರ್ ಎಂದು ಗುರಿ ಇಟ್ಟಿದೆ. ಗಾಡಿಯಲ್ಲಿ ನೂರು ಲೀಟರಿನ ಟ್ಯಾಂಕ್ ಇದೆ ಎಂದಿಟ್ಟುಕೊಳ್ಳಿ. ನಾಲ್ಕು ಜನರಿದ್ದರೆ ತಲೆಗೆ 25 ಲೀಟರ್. ಎರಡು ಬಕೆಟ್ ಸ್ನಾನ ಮಾಡುವ ನಮ್ಮ ರೂಢಿಗೆ ಅದು ಒಂದು ದಿನಕ್ಕೂ ಸಾಲದು. ಅಂದರೆ ದಿನವೂ ನೀರು ತುಂಬಿಸಿಕೊಳ್ಳುವ ನಲ್ಲಿ ಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಊರಿನ ನಲ್ಲಿಗೆ ಪೈಪು ಹಚ್ಚುವುದು ತಪ್ಪು. ಎಲ್ಲಿಂದ ತುಂಬಿಸಬಹುದು ಎಂಬುದು ಮೊದಲೇ ಗೊತ್ತಿರಬೇಕು, ಅದಕ್ಕೆ ದುಡ್ಡು ಕೊಟ್ಟಿರಬೇಕು.

ಎರಡನೆಯದು ಕರೆಂಟು. 12 ವೋಲ್ಟ್, 200 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಹಿಡಿಸುವುದು ಎರಡೂವರೆ ಯೂನಿಟ್‌ಗಿಂತ ಸ್ವಲ್ಪ ಕಡಿಮೆ. ದೀಪ, ಫ್ಯಾನು, ಮೊಬೈಲು, ಸಣ್ಣ ಫ್ರಿಜ್ಜಿಗೆ ಅದು ಒಂದು ದಿನ ಬರುತ್ತದೆ. ಒಂದು ಟನ್ನಿನ ಎಸಿ ಹಾಕಿದರೆ ಎರಡು ಗಂಟೆಯ ಆಸುಪಾಸು ಮಾತ್ರ. ಮಾಳಿಗೆಯ ಮೇಲೆ 400 ವಾಟಿನ ಸೋಲಾರ್ ಫಲಕ ಇದ್ದರೆ ಒಳ್ಳೆಯ ಬಿಸಿಲಿನ ದಿನ ಒಂದೂವರೆ ಎರಡು ಯೂನಿಟ್ ಸಿಗಬಹುದು. ಬಳ್ಳಾರಿಯ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಲೋಹದ ಗಾಡಿಯೊಳಗೆ ಎಸಿ ಇಲ್ಲದೆ ಇರಲಾಗದು, ಎಸಿ ಓಡಿಸಲು ಈ ಬ್ಯಾಟರಿ ಸಾಲದು. ಜನರೇಟರ್ ಹಚ್ಚಿ ಇಡೀ ಊರಿನ ನಿದ್ದೆ ಕೆಡಿಸುವ ಬದಲು ಆ ತಿಂಗಳುಗಳನ್ನು ಬಿಟ್ಟುಬಿಡುವುದು ಮೇಲು. ಮಳೆ ನಿಂತ ಮೇಲೆ, ಅಕ್ಟೋಬರಿನಿಂದ ಫೆಬ್ರುವರಿವರೆಗೆ, ಈ ಸೀಮೆಯಲ್ಲಿ ಕಿಟಕಿ ತೆರೆದು ಮಲಗಬಹುದು. ಸೊಳ್ಳೆ ಪರದೆ ಮರೆಯಬಾರದು, ಗದ್ದೆ ಕಾಲುವೆಗಳ ನಾಡು ಇದು.

ಮೂರನೆಯದು ಹೊಲಸು. ಪಾತ್ರೆ ತೊಳೆದ, ಮೈ ತೊಳೆದ ನೀರಿಗೆ ಒಂದು ಟ್ಯಾಂಕ್. ಶೌಚಾಲಯಕ್ಕೆ ಬೇರೆ ಡಬ್ಬಿ; ಅದನ್ನು ಎರಡು ಮೂರು ದಿನಕ್ಕೊಮ್ಮೆ ತೆಗೆದು ಖಾಲಿ ಮಾಡಬೇಕು. ಎಲ್ಲಿ? ಇಡೀ ವಿಷಯದ ಗಂಟು ಇಲ್ಲಿದೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ತುಂಗಭದ್ರೆಯ 34 ಕಿಲೊಮೀಟರ್ ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಹಂಪಿ, ಆನೆಗೊಂದಿ ಎರಡೂ ಈ ಹರಿವಿನ ದಂಡೆಯಲ್ಲೇ ಇವೆ. ಅದರ ಪಕ್ಕದಲ್ಲಿ ವಿಜಯನಗರದ ಅರಸರ ಕಾಲದ ಕಾಲುವೆಗಳಿವೆ, ತುರ್ತಾ ಕಾಲುವೆಯ ನೀರು ಇವತ್ತಿಗೂ ಹಂಪಿಯ ಬಾಳೆ ತೋಟಗಳಿಗೆ ಹರಿಯುತ್ತದೆ. ಕತ್ತಲಲ್ಲಿ ಯಾರೂ ನೋಡುತ್ತಿಲ್ಲ ಎಂದು ಡಬ್ಬಿಯನ್ನು ಈ ಕಾಲುವೆಗೆ ಬಗ್ಗಿಸಿದರೆ ಕೆಳಗಿನ ಊರಿನವರು ಬೆಳಿಗ್ಗೆ ಅದೇ ನೀರಿಗೆ ಕೈ ಹಾಕುತ್ತಾರೆ. ಪುರಸಭೆಯ ಶೌಚಾಲಯಕ್ಕೋ, ಮಲತ್ಯಾಜ್ಯ ಸಂಸ್ಕರಣೆ ಇರುವ ಘಟಕಕ್ಕೋ ಒಯ್ಯದೆ ಬೇರೆ ದಾರಿಯಿಲ್ಲ, ಮತ್ತು ಅಂಥ ಜಾಗ ಗೊತ್ತುಪಡಿಸಿಕೊಡುವುದು ಆಡಳಿತದ ಕೆಲಸ.

ಕಾನೂನಿನ ಮಾತು ಚುಟುಕಾಗಿ. ಹಳೆಯ ಟಿಟಿ ಕೊಂಡು ಗ್ಯಾರೇಜಿನಲ್ಲಿ ಮನಸ್ಸಿಗೆ ಬಂದಂತೆ ಒಳಗೆ ಕಟ್ಟಿಸಿಕೊಳ್ಳುವ ಉತ್ಸಾಹ ಹುಡುಗರಲ್ಲಿ ಕಾಣುತ್ತಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿನ್ಯಾಸ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಮೋಟಾರ್ ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಮಲಗಿದ ಮಕ್ಕಳು ಒಂದೇ ಡಬ್ಬದಲ್ಲಿ ಇರುವ ಗಾಡಿ ಇದು. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಕೈ ಹಾಕಬಾರದು.

ಇನ್ನು ದಾರಿ. ತೋರಣಗಲ್ಲನ್ನು ನಡುವೆ ಇಟ್ಟುಕೊಂಡು ನಕ್ಷೆ ಬಿಡಿಸಿ. ಪಶ್ಚಿಮಕ್ಕೆ ಹೊಸಪೇಟೆ, ದಕ್ಷಿಣದ ಬೆಟ್ಟಗಳ ಒಳಗೆ ಸಂಡೂರು, ಉತ್ತರಕ್ಕೆ ಕಂಪ್ಲಿ. ಯಾವುದೂ ನಲವತ್ತು ಕಿಲೊಮೀಟರಿನ ಆಚೆಗಿಲ್ಲ. ಕೊಲ್ಲಾರಿ ಬಂಡಿಗೆ ಒಂದೆರಡು ದಿನದ ದಾರಿ, ಗಾಡಿಗೆ ಒಂದು ಗಂಟೆ. ಬೆಂಗಳೂರಿನಿಂದ ಮುನ್ನೂರು ಚಿಲ್ಲರೆ ಕಿಲೊಮೀಟರ್ ಡೀಸೆಲ್ ಸುಟ್ಟು ಬಂದ ಮೇಲೆ ಒಂದು ವಾರ ಇಷ್ಟರೊಳಗೇ ಇದ್ದರೆ ಬಂದದ್ದಕ್ಕೂ ಅರ್ಥ.

ತೋರಣಗಲ್ಲಿನಲ್ಲೇ ಒಂದು ದಿನ ಕೊಡಬೇಕು. ಕಾರ್ಖಾನೆಯ ವಿದ್ಯಾನಗರದ ಕಡೆ 2024ರಲ್ಲಿ ತೆರೆದ ಹಂಪಿ ಆರ್ಟ್ ಲ್ಯಾಬ್ಸ್ ಇದೆ, ದೇಶದ ಈಚಿನ ಕಲೆಯನ್ನು ಒಂದು ಕೈಗಾರಿಕೆಯ ಊರಲ್ಲಿ ನಿಂತು ನೋಡುವ ಅವಕಾಶ. ಅದಕ್ಕಿಂತ ಹೆಚ್ಚಾಗಿ ಹೆದ್ದಾರಿ ಬದಿಯ ಲಾರಿ ಸಾಲಿನ ಕಡೆ ಹೋಗಿ. ಅದಿರು ಇಳಿಸಲು ಸರದಿ ಕಾಯುವ ಡ್ರೈವರ್, ಕ್ಲೀನರ್‌ಗಳು ಕ್ಯಾಬಿನ್ನಿನ ನೆರಳಲ್ಲಿ ಪಂಪ್ ಸ್ಟೌ ಹಚ್ಚಿ ಅನ್ನ, ಸಾರು ಮಾಡಿಕೊಳ್ಳುತ್ತಾರೆ. ಡೀಸೆಲ್ ಟ್ಯಾಂಕಿನ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಅವರ ಅಡುಗೆಮನೆ: ಮೇಲಿನ ಅಂತಸ್ತಿನಲ್ಲಿ ಮಸಾಲೆ ಡಬ್ಬ, ಕೆಳಗೆ ಕುಕ್ಕರು, ಬಾಗಿಲಿಗೆ ಸಿಕ್ಕಿಸಿದ ಚಾಕು, ಬಟ್ಟೆ ಸುತ್ತಿದ ಲಟ್ಟಣಿಗೆ. ಕ್ಯಾರವಾನ್ ಕಟ್ಟಿಸುವವರು ಕಡಿಮೆ ಜಾಗದಲ್ಲಿ ಸಾಮಾನು ಜೋಡಿಸುವುದನ್ನು ಇವರಿಂದ ಕಲಿಯಬಹುದು.

ಸಂಡೂರಿನ ರಸ್ತೆಯಲ್ಲಿ ಮರಗಳ ಎಲೆ ಕೂಡ ಕೆಂಪು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಹೊತ್ತಿಗೆ ಈ ಬೆಟ್ಟಗಳು ಎಷ್ಟು ಗಾಯಗೊಂಡಿದ್ದವು ಎಂಬುದನ್ನು ಓಟದ ಪ್ರವಾಸಿ ಕಾಣುವುದಿಲ್ಲ, ಆಮೇಲೆ ಉಳಿದುಕೊಂಡ ಹಸಿರನ್ನೂ ಕಾಣುವುದಿಲ್ಲ. ಎರಡು ರಾತ್ರಿ ನಿಂತರೆ ಎರಡೂ ಕಾಣುತ್ತವೆ. ಮಳೆಗಾಲ ಮುಗಿಯುವಾಗ ನಾರಿಹಳ್ಳದ ಕಣಿವೆ, ಸ್ವಾಮಿಮಲೆಯ ಕಾಡು, ಕುಮಾರಸ್ವಾಮಿ ಮತ್ತು ಪಾರ್ವತಿ ದೇವಾಲಯಗಳ ಸುತ್ತಿನ ಮಂಜು ನೋಡಿದವರು ಇದು ಬಳ್ಳಾರಿ ಜಿಲ್ಲೆಯೇ ಎಂದು ಕೇಳುತ್ತಾರೆ. 1934ರಲ್ಲಿ ಗಾಂಧೀಜಿ ಇಲ್ಲಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂಬ ಮಾತನ್ನು ಊರಿನವರು ಅವರ ಹೆಸರಿನಲ್ಲೇ ಹೇಳುತ್ತಾರೆ.

ಸಂಡೂರು ಕುಶಲ ಕಲಾ ಕೇಂದ್ರಕ್ಕೂ ಹೋಗಬೇಕು. ಲಂಬಾಣಿ ಹೆಣ್ಣುಮಕ್ಕಳು ಕಾಂಚಳಿ (ರವಿಕೆ), ಫೇಟಿಯಾ (ಲಂಗ)ಗಳ ಮೇಲೆ ಕನ್ನಡಿ ಚೂರು ಕೂಡಿಸುವುದನ್ನು ಹತ್ತಿರದಿಂದ ನೋಡಿ. ಕನ್ನಡಿಗೆ ತೂತು ಇರುವುದಿಲ್ಲ. ಮೊದಲು ಅದರ ಮೇಲೆ ಅಡ್ಡ ಉದ್ದ ನಾಲ್ಕು ಎಳೆ ಬಿಗಿದು ಹಿಡಿತ ಮಾಡಿಕೊಂಡು, ಆ ಎಳೆಗಳನ್ನೇ ಹಿಡಿದು ಸುತ್ತಲೂ ಹೊಲಿಗೆ ಹಾಕುತ್ತಾ ಚೌಕಟ್ಟು ಕಟ್ಟುತ್ತಾರೆ. ಕೆಲಸ ಮುಗಿದಾಗ ಮೊದಲ ಎಳೆಗಳು ಕಾಣುವುದೇ ಇಲ್ಲ. ಈ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಎತ್ತಿನ ಜೊತೆ ಅಲೆಯುತ್ತಿದ್ದವರು ಮನೆ, ಪೆಟ್ಟಿಗೆ ಇಲ್ಲದ ಕಾಲದಲ್ಲಿ ತಮ್ಮ ಸಿರಿಯನ್ನು ಮೈಮೇಲೆ, ಎತ್ತಿನ ಜೂಲಿನ ಮೇಲೆ ಹೊತ್ತುಕೊಂಡಿದ್ದರು. ಅಂಥವರ ಕೈಯಿಂದ ನೇರವಾಗಿ ಒಂದು ಚೀಲ ಕೊಂಡರೆ ಗಾಡಿ ನಿಂತದ್ದಕ್ಕೆ ಊರಿಗೆ ಏನೋ ಸಂದಿತು.

ಸಂಡೂರಿನಿಂದ ಉತ್ತರಕ್ಕೆ ತಿರುಗಿ ತೋರಣಗಲ್ಲು ದಾಟಿದರೆ ದರೋಜಿ. 1994ರಲ್ಲಿ ಆದ ಕರಡಿಧಾಮ ಅದು. ಮಧ್ಯಾಹ್ನದ ಮೇಲೆ ಅರಣ್ಯ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಸವರಿ ಬರುತ್ತಾರೆ, ವೀಕ್ಷಣಾ ಗೋಪುರದಲ್ಲಿ ಕುಳಿತು ಕಾಯಬೇಕು. ಕರಡಿ ಬರುವುದು ಅದರ ಹೊತ್ತಿಗೆ. ಐದು ಗಂಟೆಗೆ ಡ್ಯಾಂ ಮುಟ್ಟಬೇಕಾದವನಿಗೆ ಅದು ಸಿಗುವುದಿಲ್ಲ, ಗಾಡಿ ದರೋಜಿಯಲ್ಲೇ ನಿಂತಿದ್ದರೆ ಸಿಗುತ್ತದೆ. ಇದೇ ಊರಿನ ಬುಡ್ಗ ಜಂಗಮ ಸಮುದಾಯದ ಬುರ್ರಕಥಾ ಈರಮ್ಮ 2014ರಲ್ಲಿ ತೀರಿಕೊಂಡರು. ಅಲೆಮಾರಿ ಸಮುದಾಯದ, ಓದು ಬರಹ ಬಾರದ ಈ ತಾಯಿಯ ನೆನಪಿನಲ್ಲಿ ಹನ್ನೆರಡು ಕಾವ್ಯಗಳಿದ್ದವು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ಅವರು ಹಾಡುತ್ತಿದ್ದ ಕುಮಾರರಾಮನ ಕಥೆ ಹುಟ್ಟಿದ್ದು ಕಂಪಿಲರಾಯನ ರಾಜ್ಯದಲ್ಲಿ. ಕಂಪ್ಲಿ ದರೋಜಿಯಿಂದ ದೂರವಿಲ್ಲ.

ಕಂಪ್ಲಿಯಲ್ಲಿ ನೋಡಲು ಟಿಕೆಟ್ಟಿನ ಸ್ಮಾರಕಗಳಿಲ್ಲ. ಭತ್ತ, ಕಬ್ಬು, ಬಾಳೆ, ಹೊಳೆ ಇವೆ. ಒಗ್ಗರಣೆ ಮಂಡಕ್ಕಿ ಮೆಣಸಿನಕಾಯಿ ಬಜ್ಜಿ ತಿಂದು ಸೇತುವೆ ಕಡೆ ನಡೆದು ಹೋಗುವುದೇ ಸಂಜೆಯ ಕೆಲಸ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಗೆ ಹೋಗುವ ಈ ಸೇತುವೆ ಮುಳುಗುತ್ತದೆ, ಹಾಗಾಗಿ ಆಗಸ್ಟ್ ಸೆಪ್ಟೆಂಬರಿನಲ್ಲಿ ವಿಚಾರಿಸದೆ ಗಾಡಿ ತರಬಾರದು. ಆನೆಗೊಂದಿಗೆ ಹೋಗಬೇಕಾದವರಿಗೆ ಬುಕ್ಕಸಾಗರ–ಕಡೆಬಾಗಿಲು ಸೇತುವೆಯೂ ಇದೆ.

ಹಂಪಿ ಕೊನೆಗೆ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಪಟ್ಟಣದೊಳಗೆ ಭಾರಿ ಗಾಡಿ ತರಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಿಠ್ಠಲ ದೇವಾಲಯಕ್ಕೆ ಗೆಜ್ಜಲ ಮಂಟಪದಿಂದ ಮುಂದೆ ಬ್ಯಾಟರಿ ವಾಹನವೇ ಹೋಗುವುದು, ಅದು ಸರಿಯಾದ ನಿಯಮ. ಕ್ಯಾರವಾನನ್ನು ಕಮಲಾಪುರದ ಆಚೆಗೇ ನಿಲ್ಲಿಸಿ, ಬಾಡಿಗೆ ಸೈಕಲ್ಲಿನಲ್ಲೋ ಕಾಲ್ನಡಿಗೆಯಲ್ಲೋ ಒಳಗೆ ಹೋಗಬೇಕು. ಪೋರ್ಚುಗೀಸ್ ಪ್ರವಾಸಿ ಪಾಯಸ್ ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿ ಬೀಡುಬಿಟ್ಟು, ಮಹಾನವಮಿಯ ಒಂಬತ್ತು ದಿನಗಳನ್ನೂ ನೋಡಿದ್ದರಿಂದಲೇ ನಮಗೆ ಆ ನಗರದ ಸಂತೆ, ಕುಸ್ತಿ, ಕುದುರೆಗಳ ಅಲಂಕಾರ ಇವತ್ತು ತಿಳಿದಿದೆ.

ಇಷ್ಟೆಲ್ಲ ಹೇಳಿದ ಮೇಲೆ ರಾತ್ರಿಯ ಮಾತು ಆಡಲೇಬೇಕು. 2025ರ ಮಾರ್ಚಿನಲ್ಲಿ ಆನೆಗೊಂದಿ ಸಮೀಪದ ಸಣಾಪುರದ ಕಾಲುವೆ ಬಳಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ದಾಳಿಯಾಯಿತು. ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು, ಕಾಲುವೆಗೆ ತಳ್ಳಲ್ಪಟ್ಟ ಯುವಕನೊಬ್ಬ ಸತ್ತ. ಇಡೀ ಸೀಮೆ ತಲೆ ತಗ್ಗಿಸಿದ ದಿನ ಅದು. ನಿರ್ಜನ ಜಾಗ ಹುಡುಕಿ ಗಾಡಿ ನಿಲ್ಲಿಸಿ ಎಂದು ಈಗ ಯಾರಿಗೂ ಹೇಳಲಾರೆ. ಮೈಲಾರದ ದಂಡೆಯಲ್ಲಿ ನಡುರಾತ್ರಿಯೂ ಹೆಂಗಸರು ಧೈರ್ಯವಾಗಿ ಮಲಗುವುದು ಪಕ್ಕದ ಬಂಡಿಯಲ್ಲೂ ಸಂಸಾರವೇ ಇರುತ್ತದೆ ಎಂಬ ಭರವಸೆಯಿಂದ. ವಸ್ತಿ ಬಸ್ಸಿನ ಡ್ರೈವರ್, ಕಂಡಕ್ಟರ್ ಊರ ಗುಡಿಯ ಮುಂದೆ ಬಸ್ಸು ನಿಲ್ಲಿಸಿ ಮಲಗುವುದೂ ಅದಕ್ಕೇ. ಕ್ಯಾರವಾನ್ ನಿಲ್ಲಬೇಕಾದ್ದು ಊರಿನ ಕಣ್ಣಳತೆಯಲ್ಲಿ.

ಹಾಗಾಗಿ ಕೇಳುವುದು ಇಷ್ಟು. ತೋರಣಗಲ್ಲು, ಸಂಡೂರು, ಕಂಪ್ಲಿ, ಕಮಲಾಪುರ, ಈ ನಾಲ್ಕು ಕಡೆ ಹತ್ತು ಗಾಡಿ ನಿಲ್ಲುವಷ್ಟು ಒಂದೊಂದು ಅಂಗಳ. ಬೇವಿನ ಮರದ ನೆರಳು, ಮೀಟರ್ ಇರುವ ನಲ್ಲಿ, 15 ಆಂಪಿಯರಿನ ಪ್ಲಗ್ಗು, ಡಬ್ಬಿ ಖಾಲಿ ಮಾಡಲು ಸೆಪ್ಟಿಕ್ ಟ್ಯಾಂಕಿಗೆ ಸೇರಿದ ಒಂದು ಬಾಯಿ, ದೀಪ, ರಾತ್ರಿ ಕಾವಲುಗಾರ, ಬೀಟ್ ಪೊಲೀಸರ ಸಹಿ ಪುಸ್ತಕ. ರಾತ್ರಿಯ ಬಾಡಿಗೆ ಸ್ಥಳೀಯ ಸಂಸ್ಥೆಗೆ, ಊಟ ತಿಂಡಿಯ ವ್ಯಾಪಾರ ಸ್ತ್ರೀಶಕ್ತಿ ಸಂಘಗಳಿಗೆ. ರೊಟ್ಟಿ, ಎಣಗಾಯಿ ಪಲ್ಯ ಮಾಡಿಕೊಡುವ ಹೆಂಗಸರು ಎಲ್ಲ ಊರಲ್ಲೂ ಇದ್ದಾರೆ. ಇದಕ್ಕೆ ದೊಡ್ಡ ಕಟ್ಟಡ ಬೇಡ, ವಾಗಮಣ್‌ನಂಥ ಪಾರ್ಕೂ ಬೇಡ. ಜಾತ್ರೆಗೆ ಬರುವ ಟ್ರ್ಯಾಕ್ಟರು, ಸರದಿ ಕಾಯುವ ಲಾರಿ, ಕ್ಯಾರವಾನ್ ಮೂರಕ್ಕೂ ಅದೇ ನಲ್ಲಿ, ಅದೇ ಶೌಚಾಲಯ ಸಿಗುವಂತಿರಲಿ. ಬಾಡಿಗೆ ಬೇರೆ ಬೇರೆ ಇರಲಿ. ಮೊದಲು ಒಂದನ್ನೇ ಮಾಡುವುದಾದರೆ ತೋರಣಗಲ್ಲಿನಿಂದ ಶುರುಮಾಡಬೇಕು. ಹೆದ್ದಾರಿ, ರೈಲು ನಿಲ್ದಾಣ ಎರಡೂ ಅಲ್ಲಿವೆ, ಮತ್ತು ಶೌಚಾಲಯವಿಲ್ಲದೆ ರಸ್ತೆ ಬದಿಯಲ್ಲಿ ದಿನಗಟ್ಟಲೆ ಕಾಯುವ ಲಾರಿಯವರಿಗೆ ಆ ಅಂಗಳ ನಾಳೆಯೇ ಬೇಕಾಗಿದೆ.